ಅಕ್ಕನಿಗೆ ಒಂದು ಜೇನುಹುಳು

ನನ್ನ ಭಾವನಿಗೆ ಜೇನು ಸಾಕಬೇಕೆಂಬ ಆಸೆ ಎಂದೂ ಇರಲಿಲ್ಲ. ಅವರು ಮರಗೆಲಸದವರು. ಕುರ್ಚಿ, ಮೇಜು, ಕಿಟಕಿಯ ಚೌಕಟ್ಟು ಮಾಡಿಕೊಂಡು ತಮ್ಮ ಪಾಡಿಗೆ ತಾವಿದ್ದವರು. ಯಾರೋ ಗಿರಾಕಿಯೊಬ್ಬ ಬಂದು, ಅಳತೆ ಕೊಟ್ಟು, ನಾಲ್ಕಾರು ಜೇನುಪೆಟ್ಟಿಗೆ ಮಾಡಿಕೊಡಿ ಎಂದು ಹೇಳಿ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪೆಟ್ಟಿಗೆಗಳು ಅಂಗಡಿಯ ಅಟ್ಟದ ಮೇಲೆ ಧೂಳು ಹಿಡಿಯುತ್ತ ಕುಳಿತವು. ಒಂದು ಮಧ್ಯಾಹ್ನ ಎಲ್ಲಿಂದಲೋ ಒಂದು ಹಿಂಡು ಹಾರಿ ಬಂದು, ಕರೆಯದೆ ಬಂದ ನೆಂಟರ ಹಾಗೆ, ಅದರಲ್ಲೊಂದು ಪೆಟ್ಟಿಗೆಯಲ್ಲಿ ಸಂಸಾರ ಹೂಡಿತು. ಅಂಗಡಿಯ ಯಜಮಾನ ರಸ್ತೆಗೆ ಓಡಿ ಅಲ್ಲಿಂದಲೇ, "ಮೊದಲು ಅದನ್ನ ಇಲ್ಲಿಂದ ಸಾಗಿಸು, ಆಮೇಲೆ ಕೆಲಸದ ಮಾತು" ಎಂದ. ಸಂಜೆ ಹುಳುಗಳೆಲ್ಲ ಒಳಗೆ ಸೇರಿದ ಮೇಲೆ ಭಾವ ಪೆಟ್ಟಿಗೆಯ ಕಿಂಡಿಗೆ ಬಟ್ಟೆ ತುರುಕಿ, ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದರು. ಆಮೇಲೆ ಅವರು ಕುರ್ಚಿ ಮಾಡಿದ್ದು ಕಡಿಮೆಯೇ.

ಅವರ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಹಾಗಾಗಿ ಆ ಸಂಸಾರದಲ್ಲಿ ನನಗೆ ಗೊತ್ತಿಲ್ಲದ್ದು ಅಂತ ಏನೂ ಇಲ್ಲ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಸ್ವಭಾವವೂ ನನ್ನದಲ್ಲ. ಭಾವ ತಾರಸಿಯ ಮೇಲೆ ಪೆಟ್ಟಿಗೆ ಸಾಲಾಗಿಟ್ಟು, ಇರುವೆ ಹತ್ತದಂತೆ ಅವುಗಳ ಕಾಲಿಗೆಲ್ಲ ನೀರಿನ ಬಟ್ಟಲು ಇಟ್ಟಿದ್ದರು. ಹೂವಿನ ಕಾಲ ಬಂತೆಂದರೆ ಊರಾಚೆಯ ಹಣ್ಣಿನ ತೋಟದ ಯಜಮಾನರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಪೆಟ್ಟಿಗೆ ಇಟ್ಟ ವರ್ಷ ಕಾಯಿ ಚೆನ್ನಾಗಿ ಕಚ್ಚುತ್ತದೆ, ಇಡದ ವರ್ಷ ಹೂವೆಲ್ಲ ನೆಲದ ಪಾಲು ಎಂಬುದು ಅವರ ಅನುಭವ. ಭಾವನಿಗೆ ಆ ದಿನಗಳಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆ ಮನೆಯ ಓಡಾಟದವರ ಹಾಗೆ ಬೆಳಗಿನಿಂದ ಸಂಜೆಯ ತನಕ ಓಡಾಟ. ಬೀದಿಯವರು ಅವರನ್ನು ಜೇನಪ್ಪ ಎಂದು ಕರೆಯತೊಡಗಿದರು. ಭಾವ ಬೇಜಾರು ಮಾಡಿಕೊಳ್ಳಲಿಲ್ಲ, ಯಾರಾದರೂ ಹೆಸರು ಹಿಡಿದು ಕರೆದರೇ ತಿರುಗಿ ನೋಡಲು ತಡವಾಗುವಷ್ಟು ಅದು ರೂಢಿಯಾಯಿತು.

ಅಕ್ಕ ಮಾತ್ರ ತಾರಸಿಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಜಿರಳೆ ಕಂಡರೂ ಜೀವ ಬಾಯಿಗೆ ಬರುತ್ತದೆ. ಜೇನು ಸೋಸುವುದು, ಬಾಟಲಿಗೆ ತುಂಬುವುದು, ಮೇಣ ಕರಗಿಸುವುದು, ಭಾವನ ಬಟ್ಟೆ ಒಗೆಯುವುದು ಅವಳ ಪಾಲಿನ ಕೆಲಸ. ಆ ಬಟ್ಟೆ ಹೊಲಿದವಳು ನಾನು. ದಪ್ಪ ಬಿಳಿ ಬಟ್ಟೆಯ ಉದ್ದ ಅಂಗಿ, ಮುಖಕ್ಕೆ ಬಲೆ. "ಭಾವ, ಇದನ್ನ ಹಾಕ್ಕೊಂಡ್ರೆ ನೀವು ಸೊಳ್ಳೆ ಪರದೆಯನ್ನ ಮದುವೆಯಾದ ಹಾಗೆ ಕಾಣ್ತೀರಿ" ಎಂದು ನಾನು ಛೇಡಿಸಿದರೆ, "ನಿಮ್ಮಕ್ಕನಿಗಿಂತ ಅದೇ ವಾಸಿ, ಮಾತಾಡಲ್ಲ" ಎನ್ನುತ್ತಿದ್ದರು. ಅಕ್ಕ ಒಳಗಿನಿಂದಲೇ, "ಹಾಗಾದ್ರೆ ಊಟಾನೂ ಅದರ ಹತ್ತಿರವೇ ಕೇಳಿ" ಎನ್ನುವಳು.

ಕೆಲವು ವರ್ಷ ಕಳೆದ ಮೇಲೆ ಅಕ್ಕನಿಗೆ ಬಟ್ಟೆ ಒಗೆಯುವ ದಿನ ಸೀನು ಶುರುವಾಯಿತು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಮೊಣಕೈ ತುರಿಸುತ್ತಿತ್ತು. ಸೋಪಿನ ಮೇಲೆ ಗುಮಾನಿ ಪಟ್ಟು ಸೋಪು ಬದಲಾಯಿಸಿದೆವು. ನೀರಿನ ಮೇಲೆ ಗುಮಾನಿ ಪಟ್ಟು ನೀರು ಕಾಯಿಸಿದೆವು. ನಾನಂತೂ, "ನಿನಗೆ ಕೆಲಸ ಅಂದ್ರೇ ಸೀನು" ಎಂದು ಗೇಲಿ ಮಾಡಿದೆ. ಭಾವನ ಅಂಗಿಯ ಮೇಲೆ ನಮ್ಮಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಬೆಳಗ್ಗೆ ಅಕ್ಕ ಹಿತ್ತಲ ಹಗ್ಗದಿಂದ ಆ ಅಂಗಿ ತೆಗೆದು ಹೆಗಲಿಗೆ ಹಾಕಿಕೊಂಡಳು. ಅದರ ತೋಳಿನ ಮಡಿಕೆಯಲ್ಲಿ ಒಂದು ಹುಳು ಕೂತಿತ್ತು. ಅವಳ ಕತ್ತಿಗೆ ಚುಚ್ಚಿತು. ಅವಳು "ಅಯ್ಯೋ" ಎಂದದ್ದು ನನಗೆ ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಕೇಳಿಸಿತು. ಹೋಗಿ ನೋಡಿದರೆ ತುಟಿ ಊದಿಕೊಂಡು, ಮೈಯೆಲ್ಲ ದದ್ದು ಎದ್ದು, ಒಗೆಯುವ ಕಲ್ಲಿಗೆ ಒರಗಿದ್ದಳು. ಮಾತಾಡಲು ಹೋದಳು, ಉಸಿರು ಸಾಲಲಿಲ್ಲ. ನೋಡನೋಡುತ್ತ ಕಣ್ಣು ಮುಚ್ಚಿದಳು. ಎದುರುಮನೆಯವರ ಕಾರಿನಲ್ಲಿ ಅವಳನ್ನು ಮಡಿಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಸೂಜಿಮದ್ದು ಕೊಟ್ಟ ಮೇಲೆ ಅವಳು ಮತ್ತೆ ಕಣ್ಣು ಬಿಟ್ಟಳು. ಇನ್ನು ಸ್ವಲ್ಪ ತಡವಾಗಿದ್ದರೆ ಬಿಡುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಆಮೇಲೆ ಹೇಳಿದರು.

ಅಲರ್ಜಿಯ ಡಾಕ್ಟರಮ್ಮ ಸಮಾಧಾನದ ಹೆಂಗಸು. ಭಾವನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಹುಳು ನಿಮ್ಮ ಬಟ್ಟೆಗೆ ಚುಚ್ಚಿದಾಗ ವಿಷ ಅಲ್ಲೇ ಒಣಗುತ್ತೆ. ಒಗೆಯೋಕೆ ಮುಂಚೆ ಬಟ್ಟೆ ಒದರ್ತಾರಲ್ಲ, ಆಗ ಅದು ಧೂಳಾಗಿ ಮೂಗಿಗೆ, ಕಣ್ಣಿಗೆ ಹೋಗುತ್ತೆ. ಜೇನು ಸಾಕೋರ ಮನೆಗಳಲ್ಲಿ ಇದನ್ನ ನೋಡ್ತೀವಿ. ನಿಮಗೆ ದಿನಾ ಕಚ್ಚಿ ಕಚ್ಚಿ ಮೈ ಒಗ್ಗಿರುತ್ತೆ. ಇವರ ಮೈ ಅದನ್ನ ಶತ್ರು ಅಂತ ಗುರುತು ಇಟ್ಟುಕೊಂಡಿದೆ. ಇನ್ನೊಂದು ಕಚ್ಚಿದ್ರೆ ಇವತ್ತಿಗಿಂತ ಕಷ್ಟ ಆಗಬಹುದು."

ಭಾವ ತಮ್ಮ ಅಂಗೈ ನೋಡಿಕೊಳ್ಳುತ್ತ ಕುಳಿತರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊರಗೆ ಬಂದವಳೇ, "ಇನ್ನು ಆ ಪೆಟ್ಟಿಗೆಗಳು ಮನೇಲಿದ್ರೆ ನಾನೇ ಬೆಂಕಿ ಇಡ್ತೀನಿ" ಎಂದೆ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅಕ್ಕ ಮನೆಗೆ ಬರುವಷ್ಟರಲ್ಲಿ ತಾರಸಿ ಖಾಲಿಯಾಗಿತ್ತು. ಪೆಟ್ಟಿಗೆಗಳನ್ನೆಲ್ಲ ಹಣ್ಣಿನ ತೋಟದ ಯಜಮಾನರಿಗೆ ಒಪ್ಪಿಸಿ, ಹೊಗೆ ಹಾಕುವ ಡಬ್ಬಿ, ಬಲೆ, ಅಂಗಿ ಎಲ್ಲ ಅಲ್ಲೇ ಬಿಟ್ಟು, ಭಾವ ಜೇನಿನಿಂದ ಕೈ ತೊಳೆದುಕೊಂಡಿದ್ದರು.

ಮತ್ತೆ ಮರಗೆಲಸ ಶುರುವಾಯಿತು. ಕುರ್ಚಿ ಮಾಡಿದರು, ಮಂಚ ಮಾಡಿದರು, ಯಾರೂ ಕೇಳದ ಕಾಲ್ಮಣೆಗಳನ್ನು ಮಾಡಿ ಮನೆ ತುಂಬಾ ಇಟ್ಟರು. ನಾವು ಎಡವಿ ಎಡವಿ ಓಡಾಡಬೇಕಾಯಿತು. ಬಾಯಲ್ಲಿ ದೂರಿಲ್ಲ, ಮುಖದಲ್ಲಿ ನಗುವೂ ಇಲ್ಲ. ಸ್ನಾನದ ಮನೆಯ ಗೋಡೆಯ ಬಿರುಕಿನಲ್ಲಿ ಕಚ್ಚದ ಜಾತಿಯ ಸಣ್ಣ ಕಪ್ಪು ಜೇನು ಗೂಡು ಕಟ್ಟಿತ್ತು. ಸೊಳ್ಳೆಯಷ್ಟೇ ಇರುವ ಹುಳುಗಳು. ಭಾವ ಹಲ್ಲುಜ್ಜುವ ನೆಪದಲ್ಲಿ ಅಲ್ಲಿ ನಿಂತರೆ ಹಲ್ಲು ಸವೆಯುವ ತನಕ ನಿಲ್ಲುತ್ತಿದ್ದರು. ಯಾವುದರ ಕಾಲಿಗೆ ಹಳದಿ ಪರಾಗ ಅಂಟಿದೆ, ಯಾವುದಕ್ಕೆ ಬಿಳಿ ಎಂದು ನೋಡಿ, ಯಾವ ಹೂವಿನಿಂದ ಬಂತೆಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅಕ್ಕ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುವಳು. ನಿಜ ಹೇಳಬೇಕೆಂದರೆ ನನಗೂ ನೋಡಲಾಗುತ್ತಿರಲಿಲ್ಲ.

ಒಂದು ದಿನ ಅಕ್ಕ ಭಾವನಿಗೆ ಊಟಕ್ಕೆ ಬಡಿಸುತ್ತಲೇ, "ನಾನು ಆ ಇಂಜೆಕ್ಷನ್ ತಗೊಳ್ತೀನಿ" ಎಂದಳು.

ಡಾಕ್ಟರಮ್ಮ ಮೊದಲೇ ಅದರ ಮಾತು ಎತ್ತಿದ್ದರು. ಜೇನಿನ ವಿಷವನ್ನೇ ಚೂರೇ ಚೂರು ಚುಚ್ಚುತ್ತ, ನಿಧಾನವಾಗಿ ಪ್ರಮಾಣ ಏರಿಸುತ್ತ ಹೋದರೆ ಮೈ ಒಗ್ಗಿಕೊಳ್ಳುತ್ತದೆ, ಆದರೆ ವರ್ಷಗಟ್ಟಲೆ ಬಿಡದೆ ಬರಬೇಕು ಎಂದಿದ್ದರು. ಆಗ ಭಾವ, ಪೆಟ್ಟಿಗೆಯೇ ಇಲ್ಲದ ಮೇಲೆ ಅದೆಲ್ಲ ಯಾಕೆ ಎಂದು ಅದನ್ನು ಅಲ್ಲಿಗೇ ಕೈಬಿಟ್ಟಿದ್ದರು.

"ಬೇಡ" ಎಂದರು ಭಾವ. "ನಾನು ಬಿಟ್ಟಾಯ್ತಲ್ಲ."

"ನೀವು ಬಿಟ್ಟಿರಿ. ಹುಳುಗಳಿಗೆ ಗೊತ್ತಾ ನೀವು ಬಿಟ್ಟಿದ್ದೀರಿ ಅಂತ? ಹೂವಿದ್ದ ಕಡೆ ಬಂದೇ ಬರ್ತವೆ. ನಾನು ಎಷ್ಟು ದಿನ ಬಾಗಿಲು ಹಾಕ್ಕೊಂಡು ಕೂರಲಿ?"

"ಅದಕ್ಕೆ ಕಚ್ಚಿದ ತಕ್ಷಣ ಚುಚ್ಚಿಕೊಳ್ಳೋ ಸೂಜಿಮದ್ದು ಜೊತೇಲಿ ಇಟ್ಟುಕೊಳ್ಳೋಕೆ ಹೇಳಿದ್ದಾರಲ್ಲ."

"ಸೂಜಿಮದ್ದು ಇಟ್ಟುಕೊಳ್ಳಬಹುದು. ನಿಮ್ಮ ಈ ಮುಖ ಎಲ್ಲಿ ಇಟ್ಟುಕೊಳ್ಳಲಿ?" ಎಂದಳು ಅಕ್ಕ. "ಇನ್ನೊಂದು ಕಾಲ್ಮಣೆ ಈ ಮನೆಗೆ ಬಂದ್ರೆ ನಾನೇ ತೋಟಕ್ಕೆ ಹೋಗಿ ಕೂತ್ಕೊಳ್ತೀನಿ."

ಹೀಗೆ ಶುರುವಾಯಿತು. ಮೊದಮೊದಲು ವಾರವಾರವೂ ಹೋಗಬೇಕಿತ್ತು, ಆಮೇಲೆ ತಿಂಗಳಿಗೊಮ್ಮೆ. ನಾನು ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತಿದ್ದೆ. ಚುಚ್ಚಿದ ದಿನ ಅಕ್ಕನ ತೋಳು ಊದಿ ರವಿಕೆಯ ತೋಳು ಹಿಡಿಯುತ್ತಿರಲಿಲ್ಲ, ಅದಕ್ಕೆಂದೇ ಅಗಲ ತೋಳಿನ ರವಿಕೆ ಹೊಲಿದುಕೊಟ್ಟೆ. ಮೊದಲ ದಿನ ಡಾಕ್ಟರಮ್ಮ ಸೂಜಿ ಎತ್ತಿದಾಗ ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ನೋವು ಯಾರಿಗೆ ಎಂದು ನನಗೇ ಅನುಮಾನ ಬಂತು. ಭಾವನೂ ಬರುತ್ತಿದ್ದರು, ಆದರೆ ಒಳಗೆ ಕಾಲಿಡುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ, ತಪ್ಪು ಮಾಡಿ ತರಗತಿಯಿಂದ ಹೊರಗೆ ಹಾಕಿಸಿಕೊಂಡವರ ಹಾಗೆ ಕೂತಿರುತ್ತಿದ್ದರು. ಹೀಗೆ ವರ್ಷಗಳು ಕಳೆದವು. ಜಿರಳೆಗೆ ಹೆದರುವ ನನ್ನ ಅಕ್ಕ ಒಂದು ಸಲವೂ ತಪ್ಪಿಸಲಿಲ್ಲ.

ಕೊನೆಗೆ ಡಾಕ್ಟರಮ್ಮ ಭಾವನನ್ನು ಒಳಗೆ ಕರೆಸಿದರು. "ಒಗ್ಗಿದೆ ಅಂತ ಕಾಣುತ್ತೆ. ಆದ್ರೆ ಖಾತ್ರಿ ಆಗಬೇಕಾದ್ರೆ ಒಂದೇ ದಾರಿ. ಇಲ್ಲೇ ಆಸ್ಪತ್ರೆಯಲ್ಲಿ, ನಮ್ಮ ಕಣ್ಣೆದುರು, ಜೀವಂತ ಹುಳುವಿನಿಂದ ಒಂದು ಸಲ ಕಚ್ಚಿಸಬೇಕು. ಔಷಧಿ, ಆಕ್ಸಿಜನ್ ಎಲ್ಲ ಪಕ್ಕದಲ್ಲೇ ಇರುತ್ತೆ. ಹುಳು ನೀವು ತರಬೇಕು. ಗೂಡಿನ ಬಾಗಿಲಲ್ಲಿ ಹಾರಾಡೋ ಬಲಿತ ಹುಳುವೇ ಬೇಕು."

ಭಾವನ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಮಾಡದೇ ಇದ್ರೆ?"

"ಮಾಡದೇ ಇದ್ರೆ ಗೊತ್ತಾಗಲ್ಲ. ಗೊತ್ತಿಲ್ಲದೆ ಇವರನ್ನ ಜೇನಿನ ಹತ್ತಿರ ಬಿಡೋಕೆ ನಾನು ಒಪ್ಪಲ್ಲ."

"ಮಾಡೋಣ" ಎಂದಳು ಅಕ್ಕ, ಯಾರೂ ಕೇಳುವ ಮೊದಲೇ.

ಪರೀಕ್ಷೆಯ ದಿನ ಬೆಳಗ್ಗೆ ಅಕ್ಕನನ್ನು ಆಸ್ಪತ್ರೆಯಲ್ಲಿ ಬಿಟ್ಟು, ನಾನು ಭಾವನ ಜೊತೆ ತೋಟಕ್ಕೆ ಹೋದೆ. ಪೆಟ್ಟಿಗೆಗಳನ್ನು ಅಲ್ಲಿ ಬಿಟ್ಟುಬಂದ ಮೇಲೆ ಅವರು ಆ ಕಡೆ ಹೋದದ್ದು ಅದೇ ಮೊದಲು. ಮರಗಳು ಹೂ ಬಿಟ್ಟಿದ್ದವು, ಪೆಟ್ಟಿಗೆಗಳ ಬಣ್ಣ ಹೋಗಿತ್ತು. ಭಾವ ಮೊದಲ ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಅದಕ್ಕೆ ಕಿವಿ ಹಚ್ಚಿ ಸುಮ್ಮನೆ ಕುಳಿತರು. ನಾನೂ ತಮಾಷೆ ಮಾಡಲಿಲ್ಲ. ಆಮೇಲೆ ಮುಚ್ಚಳ ಸರಿಸಿ, ಹುಳು ಮುತ್ತಿದ್ದ ಒಂದು ಮೇಣದ ಎರಿಯನ್ನು ಎತ್ತಿ ಹಿಡಿದು, ಬೂದು ಬಣ್ಣದ, ಮೈಮೇಲೆ ಮೆತ್ತನೆ ರೋಮವಿದ್ದ ಹುಳುವೊಂದನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ತೂತು ಮಾಡಿದ ಔಷಧಿ ಬಾಟಲಿಗೆ ಹಾಕಿಕೊಂಡರು.

ನಾನು ಇಷ್ಟು ವರ್ಷ ಆ ಮನೆಯಲ್ಲೇ ಕಳೆದವಳು. ಆಗಷ್ಟೇ ಹುಟ್ಟಿದ ಹುಳು ಹೇಗಿರುತ್ತದೆಂದು ನನಗೂ ಗೊತ್ತು. ಅದು ಗೂಡು ಗುಡಿಸುತ್ತ ಒಳಗೇ ಇರುತ್ತದೆ, ಅದರ ಮುಳ್ಳಿಗೆ ಬಲವಿಲ್ಲ, ವಿಷ ಇನ್ನೂ ತುಂಬಿರುವುದಿಲ್ಲ.

"ಭಾವ, ಬಾಗಿಲ ಹುಳು ತನ್ನಿ ಅಂದಿದ್ರು ಡಾಕ್ಟರಮ್ಮ."

"ಗೊತ್ತು."

"ಇದು ಹಸುಗೂಸು."

"ಗೊತ್ತು ಅಂದೆನಲ್ಲ." ಅವರ ದನಿ ಒಡೆಯಿತು. "ಇದು ಕಚ್ಚಿದ್ರೆ ಅವಳಿಗೇನೂ ಆಗಲ್ಲ. ಗೆದ್ದೆ ಅಂತ ಖುಷಿಯಾಗಿ ಮನೆಗೆ ಬರ್ತಾಳೆ. ಪೆಟ್ಟಿಗೆ ನಾನು ಹೇಗಿದ್ರೂ ತರಲ್ಲ. ಏನಾದ್ರೂ ಒಂದು ನೆಪ ಹೇಳ್ತೀನಿ. ಯಾರಿಗೇನು ನಷ್ಟ?"

ನನಗೆ ಮೈ ಉರಿಯಿತು. "ನಷ್ಟ ಅವಳಿಗೆ. ಇಷ್ಟು ವರ್ಷ ತೋಳು ಚುಚ್ಚಿಸಿಕೊಂಡಿದ್ದು ನಿಮ್ಮ ಹತ್ತಿರ ಸುಳ್ಳು ಪಾಸು ತಗೊಳ್ಳೋಕಾ? ನಾಳೆ ಎಲ್ಲೋ ನಿಜವಾದದ್ದೊಂದು ಕಚ್ಚಿ ಅವಳು ಬಿದ್ದರೆ, ನನಗೇನೂ ಆಗಲ್ಲ ಅಂತ ಆ ಸೂಜಿಮದ್ದು ಮನೇಲೇ ಬಿಟ್ಟು ಹೋಗಿರ್ತಾಳೆ."

ಭಾವ ಎರಿಯನ್ನು ಒಳಗಿಟ್ಟು ಮುಚ್ಚಳ ಹಾಕಿ, ಜೇಬಿನಿಂದ ಇನ್ನೊಂದು ಬಾಟಲಿ ತೆಗೆದು, ಕಿಂಡಿಯಿಂದ ಹೊರಗೆ ಹಾರಲಿದ್ದ, ರೋಮ ಸವೆದು ಮಿರಮಿರ ಮಿಂಚುತ್ತಿದ್ದ ಹುಳುವೊಂದನ್ನು ಹಿಡಿದರು. ಒಂದು ಬಾಟಲಿ ಎಡ ಜೇಬಿಗೆ ಹೋಯಿತು, ಒಂದು ಬಲಕ್ಕೆ. ಯಾವುದನ್ನು ಕೊಡುತ್ತೀರಿ ಎಂದು ದಾರಿಯುದ್ದಕ್ಕೂ ಕೇಳಿದೆ. ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಆಸ್ಪತ್ರೆಯ ಕೋಣೆ ಚಿಕ್ಕದು, ಆದರೆ ಬೆಳಕು ಚೆನ್ನಾಗಿತ್ತು. ಅಕ್ಕನ ಒಂದು ಕೈಗೆ ನಳಿಕೆ ಹಾಕಿದ್ದರು, ಇನ್ನೊಂದು ಕೈ ದಿಂಬಿನ ಮೇಲೆ ಚಾಚಿತ್ತು. ನರ್ಸ್ ತಟ್ಟೆಯಲ್ಲಿ ಔಷಧಿಗಳನ್ನು ಜೋಡಿಸಿಟ್ಟು, ರಕ್ತದೊತ್ತಡ ನೋಡುವ ಪಟ್ಟಿ ಕಟ್ಟುತ್ತಿದ್ದಳು. ಭಾವ ಎಡ ಜೇಬಿಗೆ ಕೈ ಹಾಕಿ ಮರಿಹುಳುವಿನ ಬಾಟಲಿಯನ್ನು ಡಾಕ್ಟರಮ್ಮನ ಕೈಗಿಟ್ಟರು.

"ಬಾಗಿಲದ್ದು ತಾನೆ?" ಎಂದರು ಅವರು.

"ಹೂಂ" ಎಂದರು ಭಾವ, ನೆಲ ನೋಡುತ್ತ.

ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಹಾಸಿಗೆಯಿಂದ ಮಾತಾಡಿದಳು. ಪರೀಕ್ಷೆಯ ದಿನವಾದರೂ ಅವಳ ಮುಖ ಅರಳಿತ್ತು. "ಇದೊಂದು ಮುಗಿದುಬಿಟ್ರೆ ನಾನೂ ಒಂದು ಸಲ ನಿಮ್ಮ ಜೊತೆ ಬಂದು ಮುಚ್ಚಳ ತೆಗೆದು ನೋಡ್ತೀನಿ ರೀ. ಇಷ್ಟು ವರ್ಷ ಅದರ ಜೇನು ಸೋಸಿದ್ದೇನೆ, ಒಳಗೆ ಹೇಗೆ ಬದುಕ್ತವೆ ಅಂತ ಒಂದು ದಿನಾನೂ ನೋಡಿಲ್ಲ. ಕಚ್ಚಿದ್ರೆ ಕಚ್ಚಲಿ, ಇನ್ನೇನು ಭಯ?"

ಭಾವ ತಲೆ ಎತ್ತಿದರು. ಅವಳು ಅಷ್ಟೊಂದು ನಂಬಿಕೆಯಿಂದ ನಗುತ್ತಿದ್ದುದನ್ನು ಅವರಿಂದ ನೋಡಲಾಗಲಿಲ್ಲ.

"ಡಾಕ್ಟ್ರೇ, ತಡೀರಿ. ಅದು ಬೇಡ. ಅದು ಮರಿ, ಅದರಲ್ಲಿ ವಿಷವೇ ಇಲ್ಲ. ನಾನೇ ಬೇಕೂಂತ ತಂದೆ." ಬಲ ಜೇಬಿನಿಂದ ಇನ್ನೊಂದು ಬಾಟಲಿ ತೆಗೆದರು. "ಇದು ಬಾಗಿಲದ್ದು."

ಡಾಕ್ಟರಮ್ಮ ಅವರನ್ನು ದಿಟ್ಟಿಸಿ ನೋಡಿ, ಬೈಯದೆ, ಮೊದಲ ಬಾಟಲಿಯನ್ನು ಕಿಟಕಿಯ ಬಳಿ ಇಟ್ಟರು. ಅಕ್ಕನ ನಗು ಮಾತ್ರ ನಿಂತಿತ್ತು. "ಕೊಡಿ ಅದನ್ನ" ಎಂದಳು, ಗಟ್ಟಿಯಾಗಿ.

ಹುಳು ಹಿಡಿಯಲು ಅಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಭಾವನೇ ಹಿಡಿಯಬೇಕಾಯಿತು. ಸಾವಿರ ಹುಳುಗಳ ನಡುವೆ ಬರಿಗೈ ಹಾಕಿ ಎರಿ ಎತ್ತುತ್ತಿದ್ದ ಆ ಬೆರಳುಗಳು ಒಂದೇ ಒಂದು ಹುಳುವನ್ನು ಹಿಡಿಯಲು ಎರಡು ಸಲ ತಪ್ಪುವುದನ್ನು ನಾನು ಕಣ್ಣಾರೆ ಕಂಡೆ. ರೆಕ್ಕೆ ಹಿಡಿದು, ಅಕ್ಕನ ಮೊಣಕೈಯ ಕೆಳಗೆ ಇಟ್ಟು, ಮೆಲ್ಲಗೆ ಒತ್ತಿದರು. ಹುಳು ಹೊಟ್ಟೆ ಬಗ್ಗಿಸಿ ಚುಚ್ಚಿತು. ಅಕ್ಕ ತುಟಿ ಕಚ್ಚಿದಳು. ಹುಳು ಕಿತ್ತುಕೊಂಡು ಹೋಯಿತು, ಮುಳ್ಳು ಮತ್ತು ಅದರ ತುದಿಯ ಸಣ್ಣ ವಿಷದ ಚೀಲ ಅಲ್ಲೇ ಉಳಿದು ಮಿಡಿಯುತ್ತಿತ್ತು.

ಭಾವನ ಹೆಬ್ಬೆರಳಿನ ಉಗುರು ತಾನಾಗಿ ಅತ್ತ ಹೋಯಿತು. ಯಾರ ಮೈಯಲ್ಲಿ ಮುಳ್ಳು ಕಂಡರೂ ತಕ್ಷಣ ಕೆರೆದು ತೆಗೆಯುವುದು ಅವರಿಗೆ ಅಷ್ಟು ವರ್ಷಗಳ ರೂಢಿ. ಡಾಕ್ಟರಮ್ಮ ಅವರ ಮಣಿಕಟ್ಟು ಹಿಡಿದರು.

"ಬೇಡ. ಒಂದು ನಿಮಿಷ ಇರಲಿ. ಪೂರ್ತಿ ಇಳೀಬೇಕು."

ಹೆಂಡತಿಯ ಮೈಗೆ ವಿಷ ಇಳಿಯುವುದನ್ನು ನೋಡುತ್ತ ಕೈಕಟ್ಟಿ ನಿಲ್ಲಬೇಕಾದ ಆ ನಿಮಿಷ ಭಾವನ ಆಯುಸ್ಸಿನಲ್ಲಿ ಒಂದಿಷ್ಟನ್ನು ತಿಂದುಹಾಕಿರಬೇಕು. ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದರು. ಡಾಕ್ಟರಮ್ಮ ಮುಳ್ಳು ತೆಗೆದ ಮೇಲೆ ಕಾಯುವುದೊಂದೇ ಉಳಿಯಿತು. ನರ್ಸ್ ಮತ್ತೆ ಮತ್ತೆ ಬಂದು ನಾಡಿ ನೋಡಿ, ಪಟ್ಟಿ ಊದಿಸಿ ಹೋಗುತ್ತಿದ್ದಳು. ಭಾವ ಅಕ್ಕನ ಮುಖದಿಂದ ಕಣ್ಣು ಕೀಳಲಿಲ್ಲ.

"ತುಟಿ ದಪ್ಪ ಆಗ್ತಿದ್ಯಾ? ಉಸಿರು ಸರಿಯಾಗಿದ್ಯಾ?"

"ಎಲ್ಲ ಸರಿಯಾಗಿದೆ" ಎಂದಳಷ್ಟೇ ಅಕ್ಕ. ಕಚ್ಚಿದ ಜಾಗ ಕೆಂಪಗೆ ಊದಿತು, ಅಷ್ಟಕ್ಕೇ ನಿಂತಿತು. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರಮ್ಮ ಇನ್ನೊಮ್ಮೆ ಎಲ್ಲ ನೋಡಿ, "ಇದು ಎಲ್ಲರಿಗೂ ಆಗೋ ಊತ. ನಿಮ್ಮ ಮೈ ಒಗ್ಗಿದೆ. ಸೂಜಿಮದ್ದು ಮಾತ್ರ ಜೊತೇಲಿರಲಿ, ಜೇನಿನ ಕೆಲಸದ ಬಟ್ಟೆ ಮನೆಗೆ ತರಬೇಡಿ" ಎಂದು ಹೇಳಿ ನಳಿಕೆ ತೆಗೆಸಿದರು.

ಭಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು, ನಮ್ಮಿಬ್ಬರ ಎದುರೇ ಗೊಳೋ ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಕ್ಕ ಎದ್ದು ಕುಳಿತು, ತನ್ನ ಊದಿದ ಕೈಯನ್ನೊಮ್ಮೆ ನೋಡಿಕೊಂಡು, ಅವರ ಮುಖ ಮುಚ್ಚಿದ ಕೈಗಳನ್ನೊಮ್ಮೆ ನೋಡಿದಳು. ಬೆರಳಿಂದ ಮೊಣಕೈವರೆಗೆ ಹುಳುಗಳು ಆ ಕೈಗಳಿಗೆ ಕಚ್ಚಿದ್ದು ಎಣಿಸಿದರೆ ಮುಗಿಯುವಂಥದ್ದಲ್ಲ.

"ಆವತ್ತು ಹಿತ್ತಲಲ್ಲಿ ನೋವು ಗೊತ್ತಾಗೋಷ್ಟು ಹೊತ್ತು ನನಗೆ ಜ್ಞಾನ ಇರಲಿಲ್ಲ" ಎಂದಳು. "ಇವತ್ತು ಗೊತ್ತಾಯ್ತು. ಇಷ್ಟು ನೋಯುತ್ತೆ ಅಂತ ನೀವು ಒಂದು ದಿನಾನೂ ಹೇಳಲಿಲ್ಲ."

ಭಾವ ಮೂಗೊರೆಸಿಕೊಂಡರು. "ಹೇಳಿದ್ದಿದ್ರೆ ನೀನು ನನ್ನನ್ನ ಪೆಟ್ಟಿಗೆ ಹತ್ತಿರ ಹೋಗೋಕೆ ಬಿಡ್ತಿದ್ಯಾ?"

"ಬಿಡ್ತಿರಲಿಲ್ಲ" ಎಂದಳು ಅಕ್ಕ. ಮಂಚದಿಂದ ಕಾಲು ಇಳಿಸಿ ಚಪ್ಪಲಿ ಹುಡುಕುತ್ತ, "ಸರಿ, ಬೆಳಕಿರುವಾಗಲೇ ತೋಟಕ್ಕೆ ಹೋಗಿ ಬರೋಣ ನಡೀರಿ" ಎಂದಳು.